ಒಂಬತ್ತು ಬೆಸುಗೆ

ಗಿಟಾರಿನ ದನಿಗೆ ಮಾರ್ದನಿ ಸೇರಿಸುವ ಪೆಡಲ್ ಎಂಬ ತಗಡಿನ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅಂಗೈಯಗಲದ ಗಾತ್ರ, ನೆತ್ತಿಯಲ್ಲಿ ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಮದುವೆ ಮಂಟಪಗಳಲ್ಲಿ ಹಾಡುವ ನಮ್ಮ ತಂಡದೊಡನೆ ದೂರದ ಕಾರಿಮಂಗಲಂ ಊರಿನವರೆಗೂ ವರ್ಷಗಟ್ಟಲೆ ಅಲೆದ ನನ್ನ ಪೆಡಲಿನ ಸ್ವಿಚ್ಚು ಸವೆದುಹೋಗಿ, ಒಮ್ಮೆ ಒತ್ತಿದರೆ ಓಗೊಡುತ್ತಿತ್ತು, ಇನ್ನೊಮ್ಮೆ ಇಲ್ಲ. ಸೇಲಂನಿಂದ ಹೊಸದನ್ನು ತಂದು, ಒಂದು ಭಾನುವಾರ ಬೆಳಿಗ್ಗೆ ತಮಿಳು ಸೀಮೆಯ ಎಡಪ್ಪಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕುಳಿತೆ.

ಕೆಲಸವೇನೂ ದೊಡ್ಡದಲ್ಲ. ಹಳೆಯ ಸ್ವಿಚ್ಚಿನ ಒಂಬತ್ತು ಕಾಲುಗಳಿಂದ ತಂತಿ ಬಿಡಿಸಿ, ಹೊಸದರ ಒಂಬತ್ತು ಕಾಲುಗಳಿಗೆ ಬೆಸೆದರಾಯಿತು. ತೊಡಕಿದ್ದದ್ದು ನನ್ನ ಬಲಗೈಯಲ್ಲಿ. ವರ್ಷದಿಂದ ಅದು ನಡುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಕಾಫಿ ಲೋಟವನ್ನು ಎಡಗೈಗೆ ಬದಲಿಸಿದ್ದೆ. ಮಂಟಪದಲ್ಲಿ ಬಿರುಸಿನ ಸ್ವರಗಳನ್ನು ಕೈಬಿಟ್ಟು, ಆ ಜಾಗವನ್ನು ಪೆಡಲಿನ ಮಾರ್ದನಿಯಿಂದ ತುಂಬುತ್ತಿದ್ದೆ. ಕೇಳುವವರು ಅದನ್ನು ನನ್ನ ಶೈಲಿಯೆಂದೇ ಮೆಚ್ಚಿಕೊಂಡರು. ಕುಂದನ್ನು ಮರೆಮಾಡಲು ನಾವು ತೋರುವಷ್ಟು ಪ್ರತಿಭೆಯನ್ನು ಕಲೆಗೆ ತೋರುತ್ತೇವೆಯೇ ಎಂದು ಆಗೆಲ್ಲ ಅನಿಸುತ್ತಿತ್ತು.

ಮೂರನೆಯ ಬೆಸುಗೆಗೆ ಕೈ ಜಿಗಿಯಿತು. ಕಾದ ಸೀಸ ಹರಿದು ಎರಡು ಕಾಲುಗಳು ಒಂದಾದವು. ತಲೆಯೆತ್ತಿದರೆ ಎದುರಿನ ಕುರ್ಚಿಯಲ್ಲಿದ್ದ ಅಪ್ಪ ಪತ್ರಿಕೆ ಇಳಿಸಿ ನನ್ನ ಕೈಯನ್ನೇ ನೋಡುತ್ತಿದ್ದರು.

"ಎಷ್ಟ್ ದಿನದಿಂದ ಇಂಗೈತಲಾ?"

ಆಯಾಸವೆಂದೆ. ಅವರು ಪತ್ರಿಕೆ ಮಡಚಿಟ್ಟು ಎದ್ದು ಬಂದು, ತಮ್ಮ ಬಲಗೈಯನ್ನು ನನ್ನ ಕೈಯ ಪಕ್ಕದಲ್ಲಿ ಚಾಚಿದರು. ಅದೂ ನಡುಗುತ್ತಿತ್ತು, ಥೇಟು ನನ್ನದರಂತೆ.

"ಮಗ್ಗ ಬುಟ್ಟಿದ್ದು ಕಣ್ಣಿಂದಲ್ಲ. ಇದ್ರಿಂದ."

ನಲವತ್ತು ವರ್ಷ ರೇಷ್ಮೆ ನೇಯ್ದ ಅಪ್ಪ ಕಣ್ಣು ಮಂಜಾಯಿತೆಂದು ಮಗ್ಗದಿಂದ ಎದ್ದಿದ್ದರು. ಪತ್ರಿಕೆಯ ಸಣ್ಣಕ್ಷರಗಳನ್ನು ತುದಿಯಿಂದ ತುದಿಗೆ ಓದುವವರಿಗೆ ಎಳೆ ಕಾಣದೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನಡುಗುವ ಕೈಯಲ್ಲೇ ಮೂರು ವರ್ಷ ನೇಯ್ದರಂತೆ. ತುಂಡಾದ ಎಳೆಯನ್ನು ಅಮ್ಮ ಹೊರಗೆ ಹೋದಾಗ ಮಾತ್ರ ಗಂಟು ಹಾಕುತ್ತಿದ್ದರಂತೆ.

"ಮಣಿಕಟ್ಟ ಮೇಜ್ ಮ್ಯಾಲೆ ಊರು. ಉಸ್ರು ಪೂರಾ ಬುಟ್ಟು ಆಮ್ಯಾಕೆ ಮುಟ್ಟು. ಪೊರುಮೈಯಾ."

ಸಾವಕಾಶವಾಗಿ ಎಂದು ಹೇಳಲು ಅವರಿಗೆ ತಮಿಳೇ ಬರುವುದು. ನನ್ನ ಮಣಿಕಟ್ಟಿನ ಮೇಲೆ ಅವರು ಅಂಗೈಯೂರಿದರು. ಆ ಭಾರಕ್ಕೆ ನನ್ನ ನಡುಕ ತಗ್ಗಿತೋ, ನನ್ನ ಆಸರೆಗೆ ಅವರದು ತಗ್ಗಿತೋ ತಿಳಿಯಲಿಲ್ಲ. ಒಂಬತ್ತೂ ಬೆಸುಗೆ ಮುಗಿಯುವಾಗ ಮಧ್ಯಾಹ್ನದ ಊಟದ ಹೊತ್ತು. ಸ್ವಿಚ್ಚು ಒತ್ತಿದೆ, ದನಿ ಸ್ವಚ್ಛವಾಗಿ ಹೊಮ್ಮಿತು. ಒಂದೇ ಸೂರಿನಡಿ, ಮೂರು ಹೆಜ್ಜೆಯ ಅಂತರದಲ್ಲಿ, ಇಬ್ಬರು ಗಂಡಸರು ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬಾಳಿದ್ದೆವಲ್ಲ ಎಂಬ ಸಂಕಟದಲ್ಲಿ ಆ ಗೆಲುವು ನನಗೆ ರುಚಿಸಲಿಲ್ಲ.

ದೊಡ್ಡ ಕಾಯಿಲೆಯ ಹೆಸರು ಕೇಳಬೇಕಾದೀತೆಂದು ನಾನು ವೈದ್ಯರ ಬಳಿ ಹೋಗಿರಲಿಲ್ಲ. ಅಪ್ಪನೂ ಅದೇ ಭಯಕ್ಕೆ ಹೋಗಿರಲಿಲ್ಲವಂತೆ. ಮರುವಾರ ಇಬ್ಬರೂ ಸೇಲಂ ಬಸ್ಸು ಹತ್ತಿದೆವು. ಕೈಯ ನಡುಕ ಹೇಗಿದೆಯೆಂದು ನೋಡಲು ವೈದ್ಯೆ ಒಂದೇ ಹಾಳೆಯಲ್ಲಿ ಇಬ್ಬರಿಂದಲೂ ಒಂದೊಂದು ಸುರುಳಿ ಬರೆಸಿದರು. ಇದು ವಂಶದಲ್ಲಿ ಬರುವ ನಡುಕ, ನೀವು ಹೆದರಿದ್ದ ರೋಗವಲ್ಲ, ಔಷಧಿಯಿಂದ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು.

ಅಪ್ಪ ಆ ಹಾಳೆಯನ್ನು ಕೇಳಿ ಪಡೆದರು. ಬಸ್ಸಿನ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ನನ್ನತ್ತ ಚಾಚಿದರು.

"ಇದ್ರಾಗೆ ನಂದು ಯಾವ್ದುಲಾ?"

ನನಗೂ ಗೊತ್ತಾಗಲಿಲ್ಲ.