ಕಾಜಕ್ಕ ಕಲಿಸಿದ ಒಂದನೇ ಕ್ಲಾಸು

ನಮ್ಮ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಕ್ಕ ಅನ್ನುತ್ತಿದ್ದೆವು. ನಾವು ಮಿಷನ್ನಿನ ಮೇಲೆ ಹೊಲಿದು ಎಸೆದ ಶರ್ಟು, ಫ್ರಾಕುಗಳೆಲ್ಲ ಕೊನೆಗೆ ಅವಳ ಮಡಿಲಿಗೆ ಬಂದು ಬೀಳುತ್ತಿದ್ದವು. ಗುಂಡಿ ತೂರಿಸುವ ತೂತಿಗೆ ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಚಿ ಕೈಹೊಲಿಗೆ ಹಾಕುವುದು ಅವಳ ಕೆಲಸ. ಕಿಟಕಿ ಪಕ್ಕದ ಮೋಟು ಸ್ಟೂಲು ಅವಳದು, ಅದರ ಎದುರಿನ ಮಿಷನ್ನು ನನ್ನದು. ಹಾಗಾಗಿ ಅವಳ ಕಷ್ಟಸುಖವೆಲ್ಲ ನನ್ನ ಕಿವಿಗೇ ಬೀಳುತ್ತಿತ್ತು.

ಸುಖ ಅಂತ ಹೇಳಿಕೊಳ್ಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸು ದಾಟಿಹೋಗಿತ್ತು. ತಾಯಿ ತೀರಿಕೊಂಡ ಮೇಲೆ "ಇನ್ನು ನಿಂಗೆ ಆರಾಮ" ಅಂದವರಿಗೆ, "ಹೂಂ, ಆರಾಮ. ಬೈಯೋಕೂ ಯಾರೂ ಇಲ್ಲ" ಅಂದಿದ್ದಳು. ದೂರದ ಊರಿನಲ್ಲಿ ಒಬ್ಬ ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳು. ಅಪರೂಪಕ್ಕೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದಳು, ಅಷ್ಟೇ ಬಳಕೆ.

ಆ ವರ್ಷ ಕಾಯಿಲೆ ಊರೂರಿಗೆ ಹಬ್ಬಿತು. ಅಂಗಡಿಗಳು ಮುಚ್ಚಿದವು, ಶಾಲೆಗಳೂ ಬಾಗಿಲು ಹಾಕಿದವು, ಮಕ್ಕಳ ಪಾಠವೆಲ್ಲ ಫೋನಿನೊಳಗೆ ಹೋಗಿ ಕೂತಿತು. ತಮ್ಮನ ಹೆಂಡತಿಗೆ ಜ್ವರ ಬಂದು ಉಸಿರಾಟ ಕಷ್ಟವಾಯಿತು. ಆಸ್ಪತ್ರೆಗೆ ಹೊರಟವಳು ಬ್ಯಾಗಿಗೆ ಹಾಕಿದ್ದ ಫೋನನ್ನು ಮತ್ತೆ ಹೊರಗೆ ತೆಗೆದು ಮೇಜಿನ ಮೇಲಿಟ್ಟಳಂತೆ. "ಮಕ್ಕಳ ಕ್ಲಾಸು ತಪ್ಪತ್ತೆ, ಇದು ಇಲ್ಲೇ ಇರಲಿ. ನಾನೇನು, ನಾಲ್ಕು ದಿನಕ್ಕೆ ಬಂದುಬಿಡ್ತೀನಲ್ಲ." ಕ್ಲಾಸಿಗೆ ಆಗುವಂಥ ಫೋನು ಮನೆಯಲ್ಲಿ ಅದೊಂದೇ. ಗಂಡನದು ಬರೀ ಮಾತಾಡುವುದಕ್ಕೆ ಬರುವ ಹಳೇ ಫೋನು.

ಅವಳು ಬರಲಿಲ್ಲ. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನರ್ಸೊಬ್ಬಳ ಫೋನಿನಿಂದ ಒಮ್ಮೆ ಗಂಡನ ಜೊತೆ ಮಾತಾಡಿ, "ಮಕ್ಕಳು ಊಟ ಮಾಡಿದ್ವಾ?" ಅಂತ ಕೇಳಿದ್ದೇ ಕೊನೆ.

ತಮ್ಮ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸುವ ಕೆಲಸದವನು. ಊರೆಲ್ಲ ಮನೆಯೊಳಗೆ ಕೂತರೂ ನಲ್ಲಿಯಲ್ಲಿ ನೀರು ಬರಬೇಕಲ್ಲ, ಅವನಿಗೆ ರಜೆಯಿಲ್ಲ. "ಅಕ್ಕ, ನನ್ನ ಕೈಲಾಗ್ತಿಲ್ಲ, ಬಾ" ಅಂತ ಫೋನಿನಲ್ಲಿ ಅತ್ತ. ಕಾಜಕ್ಕ ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಸೂಜಿ, ದಾರ, ಕತ್ತರಿ ತುಂಬಿಕೊಂಡು ಹೊರಟಳು.

ಎರಡು ಕೋಣೆಯ ಮನೆ. ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ. ಅಲ್ಲಿ ಹಿಟ್ಟಿನ ಡಬ್ಬಕ್ಕೆ ಫೋನನ್ನು ಒರಗಿಸಿ, ಜಾರದ ಹಾಗೆ ಮುಂದೊಂದು ದಾರದ ಉಂಡೆ ಇಟ್ಟರೆ ಅದೇ ಶಾಲೆ. ಬೆಳಗ್ಗೆ ಒಂದನೇ ಕ್ಲಾಸಿನ ಹುಡುಗಿಗೆ, ಅದು ಮುಗಿದ ಮೇಲೆ ನಾಲ್ಕನೇ ಕ್ಲಾಸಿನ ಹುಡುಗನಿಗೆ. ಚಿಕ್ಕವಳನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತಿದ್ದರು. ದೊಡ್ಡವನಿಗೆ ಕಾಜಕ್ಕ ತಾನೇ ಹೆಸರಿಟ್ಟಳು, ಮರಿ ಮೇಷ್ಟ್ರು ಅಂತ. ಫೋನಿನ ವಿಷಯದಲ್ಲಿ ಅವನದೇ ಯಜಮಾನಿಕೆ.

"ಅತ್ತೆ, ಇದು ಮ್ಯೂಟ್. ಇದನ್ನ ಒತ್ತಿದ್ರೆ ನಮ್ಮ ಮಾತು ಅವರಿಗೆ ಕೇಳಲ್ಲ."

"ಅಯ್ಯೋ, ಇಂಥದ್ದೊಂದು ಗುಂಡಿ ನಮ್ಮ ಅಂಗಡಿ ಓನರ್ ಬಾಯಿಗೂ ಇದ್ದಿದ್ರೆ!"

ಮೊದಲನೇ ದಿನ ಅದನ್ನು ಒತ್ತುವುದೇ ಮರೆತುಹೋಯಿತು. "ಗುಬ್ಬೀ, ಮೂಗು ಒರೆಸ್ಕೊಳ್ಳೇ, ಟೀಚರ್ ನೋಡಿದ್ರೆ ಏನಂದ್ಕೋತಾರೆ!" ಅಂತ ಕಾಜಕ್ಕ ಗದರಿದ್ದು ಕ್ಲಾಸಿಗೆಲ್ಲ ಕೇಳಿಸಿ, ಪರದೆಯ ತುಂಬ ಇದ್ದ ಪುಟ್ಟ ಪುಟ್ಟ ಚೌಕಗಳಲ್ಲಿ ಮಕ್ಕಳೆಲ್ಲ ಗಾಬರಿಯಿಂದ ಮೂಗು ಒರೆಸಿಕೊಂಡವು. ಟೀಚರಿಗೂ ನಗು ತಡೆಯಲಾಗಲಿಲ್ಲ. ಚಿಕ್ಕ ವಯಸ್ಸಿನ ಹೆಣ್ಣುಮಗಳು ಆಕೆ, ಹಿಂದಿನ ಕೋಣೆಯಲ್ಲಿ ಅವಳ ಕೂಸು ಸದಾ ಅಳುತ್ತಿರುತ್ತಿತ್ತು.

ಗುಬ್ಬಿ ಮಾತ್ರ ನಗಲಿಲ್ಲ. ಅಮ್ಮ ಹೋದ ಮೇಲೆ ಅವಳು ಮಾತನ್ನೇ ಕಡಿಮೆ ಮಾಡಿಬಿಟ್ಟಿದ್ದಳು. ನೀರು ಬೇಕಾದರೆ ಲೋಟ ತೋರಿಸುವುದು, ಬೇಡವಾದರೆ ತಲೆ ಅಲ್ಲಾಡಿಸುವುದು. ಟೀಚರ್ ಹಾಜರಿ ಕೂಗಿದರೂ ಬಾಯಿ ಬಿಡುತ್ತಿರಲಿಲ್ಲ, ಅತ್ತೆಯೇ ಪಕ್ಕದಿಂದ "ಇದ್ದಾಳೆ ಟೀಚರ್" ಅನ್ನಬೇಕು. ಅದರ ಮೇಲೆ ಇನ್ನೊಂದು ಹಟ. ಹಾಜರಿ ಮುಗಿದು ಅತ್ತೆ ಒಲೆಯ ಕಡೆ ತಿರುಗಿದ ಹೊತ್ತಿಗೆ ಬೆರಳು ಚಾಚಿ ಕ್ಯಾಮೆರಾ ಆಫ್ ಮಾಡಿಬಿಡುತ್ತಿದ್ದಳು.

"ಪುಟ್ಟಾ, ಕ್ಯಾಮೆರಾ ಆನ್ ಮಾಡು. ನೀನು ಬರೀತಿದೀಯೋ ಇಲ್ವೋ ನಂಗೆ ಕಾಣ್ಬೇಕಲ್ಲ" ಅಂತ ಟೀಚರ್ ದಿನಾ ಹೇಳುತ್ತಿದ್ದಳು. ಕೊನೆಗೆ ಫೋನ್ ಮಾಡಿ, "ಮನೇಲಿ ಸ್ವಲ್ಪ ನೋಡ್ಕೊಳ್ಳಿ, ಹೀಗಾದ್ರೆ ಮಗು ಹಿಂದೆ ಬೀಳತ್ತೆ" ಅಂದಳು.

ಕಾಜಕ್ಕನಿಗೆ ಅವಮಾನವಾಯಿತು. ತಾನು ಬಂದಿದ್ದೇ ಮಕ್ಕಳ ಓದು ಹಾಳಾಗಬಾರದು ಅಂತ. ಮಾರನೇ ದಿನ ಗುಬ್ಬಿ ಬೆರಳು ಚಾಚಿದ್ದೇ ತಡ, ಕೈ ಹಿಡಿದುಕೊಂಡಳು. ಹುಡುಗಿ ಕೊಸರಿಕೊಂಡಳು. ಅತ್ತೆ ಬಿಡಲಿಲ್ಲ. ಆಗ ಗುಬ್ಬಿ ಬಾಗಿ ಅವಳ ಕೈಯನ್ನು ಕಚ್ಚಿ, ಕೆಳಗೆ ಬಿದ್ದು ಹೊರಳಾಡಿ ಅತ್ತಳು. ಅಷ್ಟು ದಿನ ಅಳದೆ ಇದ್ದುದನ್ನೆಲ್ಲ ಒಟ್ಟಿಗೇ ಅತ್ತ ಹಾಗೆ.

ಮರಿ ಮೇಷ್ಟ್ರು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. "ಅತ್ತೆ, ಅವಳಿಗೆ ಬೈಬೇಡ. ಕ್ಯಾಮೆರಾ ಆಫ್ ಮಾಡಿದ್ರೆ ಅಮ್ಮ ಬರ್ತಾಳೆ."

"ಏನಂದೆ?"

ಅವನು ಬಂದು ಕ್ಯಾಮೆರಾ ಆಫ್ ಮಾಡಿ ತೋರಿಸಿದ. ಗುಬ್ಬಿಯ ಮುಖ ಇದ್ದ ಚೌಕದಲ್ಲಿ ಈಗ ಅವಳ ಅಮ್ಮನ ಫೋಟೋ. ಅದು ಅವಳ ಫೋನಲ್ಲವೇ, ಯಾವಾಗಲೋ ಹಾಕಿಕೊಂಡಿದ್ದ ಚಿತ್ರ. ತಲೆಸ್ನಾನ ಮಾಡಿ ಕೂದಲು ಬಿಟ್ಟುಕೊಂಡು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿ ನಗುತ್ತಿದ್ದಳು. ಎಡಗಡೆಯ ಚೌಕದಲ್ಲಿ ಹಲ್ಲು ಬಿದ್ದ ಹುಡುಗ, ಬಲಗಡೆಯದರಲ್ಲಿ ಎರಡು ಜಡೆಯ ಹುಡುಗಿ, ನಡುವೆ ಅವಳು. ಮಕ್ಕಳ ಜೊತೆ ಅವಳೂ ಪಾಠ ಕೇಳಲು ಕೂತ ಹಾಗೆ.

ಮುಂದೆ ಇದನ್ನೆಲ್ಲ ನನಗೆ ಹೇಳುವಾಗ ಕಾಜಕ್ಕ ಅಂದಿದ್ದಳು, "ಅಮ್ಮ ವಾಪಸ್ ಬರಲ್ಲ ಅಂತ ಆ ಕೂಸಿಗೆ ಗೊತ್ತಿತ್ತು ಕಣೇ. ಆದ್ರೆ ಅಲ್ಲಿಗೆ ಮಾತ್ರ ಬರ್ತಾಳೆ ಅಂತಲೂ ಗೊತ್ತಿತ್ತು. ನಾನು ಆ ಬಾಗಿಲನ್ನೇ ಹಿಡ್ಕೊಂಡು ಎಳೀತಿದ್ದೆ."

ಸಂಜೆ ತಮ್ಮ ಊಟಕ್ಕೆ ಕೂತಾಗ ವಿಷಯ ಹೇಳಿದಳು.

"ಆ ಫೋಟೋ ತೆಗೆದುಬಿಡೋಣ ಅಂತೀಯಾ?" ಅಂತ ಅವಳು ಕೇಳಿದಳು.

"ಬೇಡಕ್ಕ." ತಟ್ಟೆಯ ಅನ್ನ ಕಲಸುತ್ತಾ ಮತ್ತೆ ಅಂದ, "ಒಳಗೆ ಅವಳ ಕೈಲಿ ಫೋನ್ ಇದ್ದಿದ್ರೆ ದಿನಾ ಮಕ್ಕಳ ಮುಖನಾದ್ರೂ ನೋಡ್ತಿದ್ಲು. ನಾನು ತಗೊಂಡು ಹೋಗು ಅನ್ಬೇಕಾಗಿತ್ತು."

ಕಾಜಕ್ಕ ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವನು ಬೇಡ ಅನ್ನಲೂ ಇಲ್ಲ, ತಿನ್ನಲೂ ಇಲ್ಲ.

ಮಾರನೇ ಬೆಳಗ್ಗೆ ಕ್ಲಾಸಿಗೆ ಮುಂಚೆ ಟೀಚರಿಗೆ ಫೋನ್ ಮಾಡಿದಳು. ಟೀಚರ್ ಹೊಸಬಳು, ಹುಡುಗಿಯ ತಾಯಿ ಹೋಗಿದ್ದು ಅವಳವರೆಗೆ ತಲುಪಿರಲೇ ಇಲ್ಲ. "ನಾನು ಆ ಫೋಟೋ ನೋಡಿ, ತಾಯಿ ಬೇಕಂತಲೇ ಕ್ಯಾಮೆರಾ ಹಾಕ್ತಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ದೆ" ಅಂದಳು. ಅಂದಿನಿಂದ ಕ್ಯಾಮೆರಾ ವಿಷಯ ಎತ್ತಲಿಲ್ಲ. ಬರೆದದ್ದನ್ನು ಅತ್ತೆ ಫೋಟೋ ತೆಗೆದು ಕಳಿಸಿದರೆ ಸಾಕು ಅಂದಳು.

ಆಮೇಲಿನ ಪಾಠ ನಡೆದಿದ್ದು ನೆಲದ ಮೇಲೆ. ಗುಬ್ಬಿಗೆ ಪೆನ್ಸಿಲ್ ಹಿಡಿದರೆ ಬೆರಳು ನೋಯುತ್ತಿತ್ತು. ಕಾಜಕ್ಕ ಕಪ್ಪು ಬಟ್ಟೆಯೊಂದನ್ನು ಹಾಸಿ, ತನ್ನ ಗುರುತು ಹಾಕುವ ಚಾಕ್‌ಪೀಸಿನಿಂದ ಅದರ ಮೇಲೆ ಅಕ್ಷರ ಬರೆದಳು. "ನೋಡು, ಇದು ರ. ನಡುವೆ ಒಂದು ಚುಕ್ಕಿ ಇಟ್ರೆ ಠ. ಥೇಟ್ ಗುಂಡಿ ಹೊಲಿದ ಹಾಗೆ ಇಲ್ವಾ?" ಗುಬ್ಬಿ ಅತ್ತೆಯ ಡಬ್ಬಿಯಿಂದ ಗುಂಡಿಗಳನ್ನು ಸುರಿದುಕೊಂಡು ಅಕ್ಷರದ ಗೆರೆಯ ಮೇಲೆ ಜೋಡಿಸಿದಳು. ಕೊಂಬು, ದೀರ್ಘ, ಒತ್ತು ಎಲ್ಲ ಗುಂಡಿಯಲ್ಲೇ. ತಪ್ಪಿದರೆ ಬಟ್ಟೆ ಕೊಡವಿ ಮತ್ತೆ ಶುರು. ಮರಿ ಮೇಷ್ಟ್ರು ಬಂದು ಅತ್ತೆಯ ಬರಹವನ್ನೇ ತಿದ್ದುತ್ತಿದ್ದ. "ಅತ್ತೆ, ನಿನ್ನ ಳ ನೋಡಿದ್ರೆ ನಮ್ಮ ಟೀಚರ್ ನಿನ್ನ ಬೆಂಚ್ ಮೇಲೆ ನಿಲ್ಲಿಸ್ತಾರೆ." ಅವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಹಾಗಾಗಿ ತಿದ್ದಿಸಿಕೊಳ್ಳುತ್ತಿದ್ದಳು.

ಹೀಗೇ ಒಂದು ದಿನ, ಅಕ್ಷರ ಜೋಡಿಸುತ್ತಾ ಜೋಡಿಸುತ್ತಾ, ಗುಬ್ಬಿ ತನಗೆ ತಾನೇ ಎಂಬಂತೆ "ಮ... ರ. ಮರ" ಅಂದಳು. ಕಾಜಕ್ಕ ತಿರುಗಿ ನೋಡಲಿಲ್ಲ. ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಅಂತ ತರಕಾರಿ ಹೆಚ್ಚುತ್ತಲೇ ಇದ್ದಳು.

ವರ್ಷದ ಕೊನೆಗೆ ಟೀಚರ್ ಒಬ್ಬೊಬ್ಬರಿಂದಲೂ ಪಾಠ ಓದಿಸಿದಳು. ಗುಬ್ಬಿಯ ಸರದಿ ಬಂದಾಗ, "ಇಷ್ಟ ಇದ್ರೆ ಓದು ಪುಟ್ಟಾ, ಇಲ್ಲಾಂದ್ರೆ ನಾಳೆ ಓದು" ಅಂದಳು. ಗುಬ್ಬಿ ಪುಸ್ತಕ ಮೊಣಕಾಲ ಮೇಲಿಟ್ಟುಕೊಂಡು ತಾನೇ ಮ್ಯೂಟ್ ತೆಗೆದಳು. ಆ ಕ್ಲಾಸಿನಲ್ಲಿ ಯಾರು ಮಾತಾಡಿದರೆ ಅವರ ಚೌಕದ ಸುತ್ತ ಹಸಿರು ಗೆರೆ ಹೊಳೆಯುತ್ತಿತ್ತು. ಗುಬ್ಬಿ ಮೊದಲ ಶಬ್ದ ಓದಿದಳು. ಅಮ್ಮನ ಫೋಟೋದ ಸುತ್ತ ಹಸಿರು ಗೆರೆ ಮೂಡಿತು. ಅವಳು ಅದನ್ನು ನೋಡಿದಳು. ಓದು ನಿಲ್ಲಿಸಿದಳು, ಗೆರೆ ಹೋಯಿತು. ಮತ್ತೆ ಓದಿದಳು, ಗೆರೆ ಬಂತು. ಆಮೇಲೆ ನಿಲ್ಲಿಸಲೇ ಇಲ್ಲ. ತನ್ನ ಪಾಠ ಮುಗಿಸಿ ಮುಂದಿನದನ್ನೂ, ಅದರ ಮುಂದಿನದನ್ನೂ, ತಪ್ಪೋ ಒಪ್ಪೋ, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದುತ್ತಾ ಹೋದಳು. ಟೀಚರ್ ತಡೆಯಲಿಲ್ಲ. ಉಳಿದ ಮಕ್ಕಳೂ ಯಾಕೋ ಸುಮ್ಮನೆ ಕೇಳಿದವು.

ಕೆಲಸ ಮುಗಿಸಿ ಬಂದ ತಮ್ಮ ಒದ್ದೆ ಪ್ಯಾಂಟಿನಲ್ಲಿ ಬಾಗಿಲಲ್ಲೇ ನಿಂತಿದ್ದ. ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಕೂಡ ಬಿಡದೆ, ಬಂದ ದಾರಿಯಲ್ಲೇ ಹೊರಗೆ ಹೋದ.

ಮುಂದೆ ಶಾಲೆ ತೆರೆಯಿತು. ಊರಿಗೆಲ್ಲ ಸಂತೋಷವಾದ ಆ ಸುದ್ದಿಗೆ ಗುಬ್ಬಿ ಒಬ್ಬಳೇ ಅತ್ತವಳು. "ಅಲ್ಲಿ ಕ್ಲಾಸಲ್ಲಿ ಅಮ್ಮ ಇರಲ್ಲ" ಅಂತ ಬಾಗಿಲ ಚಿಲಕ ಹಿಡಿದುಕೊಂಡು ನಿಂತಳು. ಕಾಜಕ್ಕ ಅದಕ್ಕೆ ಸುಳ್ಳು ಹೇಳಲಿಲ್ಲ. "ಇರಲ್ಲ ಕಂದ. ನಾನು ಗೇಟಿನ ಹತ್ರ ಇರ್ತೀನಿ" ಅಂದಳು. ಇದ್ದಳು ಕೂಡ. ಅಂಚು ಹೊಲಿಯುವ ಬಟ್ಟೆ ತೆಗೆದುಕೊಂಡು ಹೋಗಿ ಶಾಲೆಯ ಗೋಡೆಯ ನೆರಳಿನಲ್ಲಿ ಕೂರುತ್ತಿದ್ದಳು. ಗುಬ್ಬಿ ಕಿಟಕಿಯಿಂದ ಇಣುಕುವುದು ದಿನದಿಂದ ದಿನಕ್ಕೆ ಕಡಿಮೆಯಾಯಿತು. ಒಂದು ದಿನ ಗೇಟಿನ ಹತ್ತಿರ ಅವಳೇ ಅಂದಳು, "ಅತ್ತೆ, ನೀನು ಮನೆಗೆ ಹೋಗು. ಬಿಸಿಲು."

ಅದಾಗಿ ವರ್ಷ ಕಳೆಯುವುದರೊಳಗೆ ತಮ್ಮ ಮತ್ತೆ ಮದುವೆಯಾದ. ಅವನಿಗೆ ಮನಸ್ಸಿರಲಿಲ್ಲ, ಒಪ್ಪಿಸಿದವಳು ಕಾಜಕ್ಕನೇ. ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಗಸು, ಒಳ್ಳೆಯವಳು, ಮೊದಲ ಸಲ ಬಂದಾಗಲೇ ಮಕ್ಕಳ ಜೊತೆ ನೆಲದ ಮೇಲೆ ಕೂತು ಆಡಿದವಳು. ಎರಡು ಕೋಣೆಯ ಮನೆಯಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ ಅಂತ ಯಾರೂ ಹೇಳಲಿಲ್ಲ, ಹೇಳುವ ತನಕ ಕಾಯುವವಳೂ ಅವಳಲ್ಲ. "ಅಂಗಡಿ ಓನರ್ ಕರೀತಿದಾರೆ" ಅಂತ ನೆಪ ಹೇಳಿ ಹೊರಟಳು. ಬಸ್ಸು ಹತ್ತುವಾಗ, ಶಾಲೆ ತಪ್ಪಿಸಿಕೊಂಡು ಬಂದಿದ್ದ ಮರಿ ಮೇಷ್ಟ್ರು ಅತ್ತ. ಗುಬ್ಬಿ ಶಾಲೆಗೆ ಹೋಗಿದ್ದಳು. ಅವಳು ಮನೆಯಲ್ಲಿಲ್ಲದ ಹೊತ್ತನ್ನೇ ಕಾಜಕ್ಕ ಆರಿಸಿಕೊಂಡಿದ್ದಳು.

ಓನರ್ ಏನೂ ಕರೆದಿರಲಿಲ್ಲ. ಅಂಗಡಿಗೆ ಕಾಜಾ ಹಾಕುವ ಮಿಷನ್ನು ಬಂದಿತ್ತು. ಅವಳು ಅದನ್ನು ಒಂದು ಸುತ್ತು ಹಾಕಿ ನೋಡಿ, "ಇನ್ನು ನನ್ನ ಏನಂತ ಕರೀತೀರಾ?" ಅಂದಳು. ಅಂಚು ಮಡಚುವ ಕೆಲಸ ಮಾತ್ರ ಉಳಿದಿತ್ತು, ಅದನ್ನೇ ಹಿಡಿದು ಕೂತಳು. ಹೆಸರೂ ಹಾಗೇ ಉಳಿಯಿತು.

ಭಾನುವಾರ ಬೆಳಗ್ಗೆ ಮಕ್ಕಳು ಫೋನ್ ಮಾಡುತ್ತಿದ್ದರು. ಮೊದಮೊದಲು ಮಾತು ಮುಗಿಯುತ್ತಲೇ ಇರಲಿಲ್ಲ. ಬರುಬರುತ್ತಾ "ಊಟ ಆಯ್ತಾ ಅತ್ತೆ, ಆಯ್ತು, ಇಡ್ತೀನಿ" ಅನ್ನುವಷ್ಟಕ್ಕೆ ಬಂತು. ಗುಬ್ಬಿ ಹೊಸಬಳನ್ನು ಅಮ್ಮ ಅನ್ನುವುದು ಹಿಂದಿನಿಂದ ಕೇಳಿಸುತ್ತಿತ್ತು. "ಚೆನ್ನಾಗಿದಾಳಲ್ಲ, ಇನ್ನೇನು ಬೇಕು" ಅನ್ನುತ್ತಿದ್ದಳು ಕಾಜಕ್ಕ. ಆದರೆ ಆ ಹೊತ್ತಿಗೆ ಸೂಜಿಗೆ ದಾರ ಪೋಣಿಸಲು ಅವಳಿಗೆ ತುಂಬ ಹೊತ್ತು ಹಿಡಿಯುತ್ತಿತ್ತು.

ಕಳೆದ ತಿಂಗಳು ಮಧ್ಯಾಹ್ನ ನಾವು ಊಟದ ಡಬ್ಬಿ ಬಿಚ್ಚಿ ಕೂತಿದ್ದಾಗ ಅವಳಿಗೆ ಫೋನ್ ಬಂತು. ಭಾನುವಾರ ಅಲ್ಲ. ಗುಬ್ಬಿ. ಅಂಗಡಿಯಲ್ಲಿ ಮಿಷನ್ನುಗಳು ನಿಂತಿದ್ದವು, ಅವಳ ದನಿ ನನಗೂ ಕೇಳಿಸುತ್ತಿತ್ತು.

"ಅತ್ತೆ, ಅಮ್ಮ ಇದ್ದಳಲ್ಲ, ಮುಂಚಿನ ಅಮ್ಮ. ಅವಳು ಮಾತಾಡೋದು ಹೇಗಿತ್ತು?"

ಕಾಜಕ್ಕ ತುತ್ತು ಕೈಯಲ್ಲೇ ಹಿಡಿದು ಕೂತಳು. "ಯಾಕೆ ಕಂದ?"

"ಮುಖ ಗೊತ್ತು ನಂಗೆ. ದನಿ ಬರ್ತಿಲ್ಲ. ಅಣ್ಣನ ಕೇಳಿದ್ರೆ ಅಳ್ತಾನೆ. ಅಪ್ಪನ ಹತ್ರ ಕೇಳಲ್ಲ ನಾನು."

"ಅವಳಾ... ಬೇಗ ಬೇಗ ಮಾತಾಡೋಳು. ಮಾತಿನ ನಡುವೆ ನಗೋಳು. ನನ್ನ 'ಅಕ್ಕಾ' ಅಂತ ಉದ್ದಕ್ಕೆ ಎಳೆದು ಕರೆಯೋಳು."

"ನೀನು ಹಾಗೆ ಮಾತಾಡಿ ತೋರ್ಸು."

ಕಾಜಕ್ಕ ಡಬ್ಬಿ ಪಕ್ಕಕ್ಕಿಟ್ಟು, ಗೋಡೆಯ ಕಡೆ ತಿರುಗಿ ಕೂತಳು. ಒಮ್ಮೆ ಕೆಮ್ಮಿ, ದನಿ ಸ್ವಲ್ಪ ತೆಳ್ಳಗೆ ಮಾಡಿಕೊಂಡು, "ಗುಬ್ಬೀ, ಊಟ ಮಾಡಿದ್ಯೇನೇ?" ಅಂದಳು.

"ಇದು ನಿನ್ನ ಥರಾನೇ ಇದೆ ಅತ್ತೆ" ಅಂದಳು ಗುಬ್ಬಿ.

"ಹೌದು ಕಂದ. ನಂಗೆ ಬರಲ್ಲ."

"ಪರವಾಗಿಲ್ಲ. ಇನ್ನೊಂದ್ಸಲ ಅನ್ನು."

ಕಾಜಕ್ಕ ಇನ್ನೊಂದು ಸಲ ಅಂದಳು.