ಕೆ.ಆರ್. ಪುರ ದಾಟದ ನೀರಾ

ರಾಮಮೂರ್ತಿ ನಗರದಲ್ಲಿ ನಾನೂ ನನ್ನ ಗೆಳತಿಯೂ ಬಾಡಿಗೆಗೆ ಹಿಡಿದಿದ್ದ ಶೆಡ್ಡು ಸದಾ ಹೆಂಡದ ವಾಸನೆ ಹೊಡೆಯುತ್ತಿತ್ತು. ನಾವು ಮಾಡಹೊರಟಿದ್ದು ಮಾತ್ರ ಲ್ಯಾಕ್ಟಿಕ್ ಆಮ್ಲ. ಹಾಲನ್ನು ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾಗಳನ್ನು ತೆಂಗಿನ ಮರದ ರಸಕ್ಕೆ, ಅಂದರೆ ನೀರಾಗೆ ಬಿಟ್ಟರೆ, ಅವು ಸಕ್ಕರೆ ತಿಂದು ಈ ಆಮ್ಲ ಕೊಡುತ್ತವೆ. ಅದರಿಂದ ಮಣ್ಣಲ್ಲಿ ಕೊಳೆಯುವ ಪ್ಲಾಸ್ಟಿಕ್ ಮಾಡುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ಸಲೀಸಾಗಿ ಆಗಿತ್ತು. ಆ ಧೈರ್ಯದ ಮೇಲೇ ಇಬ್ಬರೂ ಕೆಲಸ ಬಿಟ್ಟು ಬಂದಿದ್ದೆವು.

ನೀರಾ ಬರುತ್ತಿದ್ದುದು ಹೊಸಕೋಟೆಯಾಚೆಯ ಒಂದು ತೋಟದಿಂದ. ಐಸ್ ಡಬ್ಬದಲ್ಲಿಟ್ಟು ಟೆಂಪೋ ಹತ್ತಿಸಿದರೆ ಅದು ಕೆ.ಆರ್. ಪುರದ ಸೇತುವೆ ಹತ್ತಿರ ನಿಂತುಬಿಡುತ್ತಿತ್ತು. ಲಾರಿ, ಬಸ್ಸು, ಮೆಟ್ರೋ ಕೆಲಸ, ಬಿಸಿಲು. ಐಸ್ ಕರಗಿ, ಹೆಂಡ ಮಾಡುವ ಯೀಸ್ಟ್ ಮೊದಲೇ ಕೈಹಾಕಿ, ಶೆಡ್ಡಿನಲ್ಲಿ ಮುಚ್ಚಳ ತೆಗೆದರೆ ಬುರುಬುರು ನೊರೆ. ಸಕ್ಕರೆಯೆಲ್ಲ ಮದ್ಯವಾದ ಮೇಲೆ ನಮ್ಮ ಬ್ಯಾಕ್ಟೀರಿಯಾ ತಿನ್ನುವುದೇನನ್ನು? ಚರಂಡಿಗೆ ಸುರಿಯುವುದು, ಡಬ್ಬ ತೊಳೆಯುವುದು, ಮತ್ತೆ ತೋಟಕ್ಕೆ ಫೋನ್ ಮಾಡುವುದು.

ಒಂದು ದಿನ ಶೆಡ್ಡಿನ ಮಾಲೀಕರ ಹೆಂಡತಿ ಬಾಗಿಲಲ್ಲೇ ನಿಂತು, "ಏನ್ರಮ್ಮಾ, ಓದಿದ ಹೆಣ್ಮಕ್ಕಳು ಹೆಂಡ ಮಾಡ್ತಿದ್ದೀರಾ?" ಎಂದರು.

"ಇಲ್ಲ ಆಂಟಿ, ಇದು ಆಸಿಡ್ಡು," ಅಂದೆ.

"ಆಸಿಡ್ಡಾ! ಮಕ್ಕಳಿರೋ ಬೀದಿ ಕಣಮ್ಮಾ ಇದು!"

ಮೊಸರಿನ ಹುಳಿಯೂ ಇದೇ ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

ಕೊನೆಗೆ ಗೆಳತಿ, "ರಸ್ತೆ ಸರಿಮಾಡಕ್ಕೆ ನಮ್ ಕೈಲಾಗಲ್ಲ ಕಣೆ. ತೋಟದಲ್ಲೇ ಕುದಿಸಿ ಯೀಸ್ಟ್ ಸಾಯಿಸ್ಬಿಡೋಣ," ಅಂದಳು. ಗ್ಯಾಸ್ ಸ್ಟವ್ ಹೊತ್ತುಕೊಂಡು ಹೋದೆವು. ಕುದಿಸಿ, ಬಿಸಿಯಿರುವಾಗಲೇ ಮುಚ್ಚಿದ ನೀರಾ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ನಿಂತರೂ ಕೆಡಲಿಲ್ಲ. ಬ್ಯಾಕ್ಟೀರಿಯಾ ಬಿಟ್ಟು ಬೆಚ್ಚಗಿಟ್ಟೆವು. ಅವು ತಮ್ಮ ಹುಳಿಯಲ್ಲೇ ಸಾಯದಂತೆ ಸುಣ್ಣದ ಕಲ್ಲಿನ ಪುಡಿ ಹಾಕುತ್ತಾ ಬಂದೆವು. ಕೊನೆಗೆ ಸುಣ್ಣವನ್ನು ಬೇರ್ಪಡಿಸಿ, ಆಮ್ಲ ಕೈಗೆ ಸಿಕ್ಕಾಗ ಇಬ್ಬರೂ ಕುಣಿದುಬಿಟ್ಟೆವು.

ಬಾಟಲಿ ಹಿಡಿದು ದೊಮ್ಮಲೂರಿನ ಒಂದು ಪ್ಲಾಸ್ಟಿಕ್ ಕಂಪನಿಯ ಆಫೀಸಿಗೆ ಹೋದೆವು. ಕೊಳ್ಳುತ್ತೇವೆ ಎಂದಿದ್ದವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬ್ರೌನ್ ಇದೆಯಲ್ಲ ಮೇಡಂ. ನಮಗೆ ನೀರಿನ ಥರ ಕ್ಲಿಯರ್ ಬೇಕು," ಎಂದರು. ಕುದಿಸಿದಾಗ ಬಂದ ಬೆಲ್ಲದ ಬಣ್ಣ ಅದು.

ಕೆಳಗಿಳಿದು ಫ್ಲೈಓವರ್ ನೆರಳಲ್ಲಿ ನಿಂತೆ. ಅಳು ಬರಲಿಲ್ಲ, ಬರೀ ಸಿಟ್ಟು. ಯಾರ ಮೇಲೆ ಎಂದೂ ಗೊತ್ತಿಲ್ಲ.

"ಇದ್ದಿಲಲ್ಲಿ ಸೋಸಿದ್ರೆ ಬಣ್ಣ ಹೋಗುತ್ತೆ," ಎಂದಳು ಗೆಳತಿ.

"ಆಮೇಲೆ ಇನ್ನೊಂದು ಹೇಳ್ತಾರೆ."

"ಹೇಳ್ಲಿ."

ಸೋಸಿದೆವು. ಬಣ್ಣ ಹೋಯಿತು, ಜೊತೆಗೆ ಆಮ್ಲವೂ ಒಂದಿಷ್ಟು ಹೋಯಿತು. ಈ ಸಲ ಅವರು ಬಾಟಲಿ ಇಟ್ಟುಕೊಂಡು, ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಉತ್ತರ ಇನ್ನೂ ಬಂದಿಲ್ಲ. ಗೆಳತಿ ನನ್ನನ್ನು ಕೇಳದೆಯೇ ತೋಟದವರಿಗೆ ಮತ್ತೆ ನೀರಾ ಕಳಿಸಲು ಹೇಳಿದ್ದಾಳೆ.