ಹಂಡೆಯಲ್ಲಿ ಮಗುಚಿದ ಮೀನು

ತಾಮ್ರದ ಹಂಡೆಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಮೀನು ಮಗುಚಿ ಬಿಳಿ ಹೊಟ್ಟೆ ಮೇಲೆ ಮಾಡಿತು.

ಎರಡನೇ ಮಹಾಯುದ್ಧ ಮುಗಿದ ವರ್ಷದ ಬೇಸಿಗೆ. ತಿಕೋಟಾದ ನಮ್ಮ ಮನೆಯ ಬಾವಿಯ ಹೂಳು ತೆಗೆಸುವುದಿತ್ತು. ತೋಳುದ್ದದ ಆ ಮೀನು ಅಜ್ಜ ಆ ಬಾವಿಯಲ್ಲಿ ಸಾಕಿದ್ದು. ಅವನು ತೀರಿಕೊಂಡ ಮೇಲೆ ಅದಕ್ಕೆ ರೊಟ್ಟಿ ಚೂರು ಹಾಕದೆ ಅಜ್ಜಿ ಉಣ್ಣುತ್ತಿರಲಿಲ್ಲ. ಒದ್ದೆ ಧೋತರದಲ್ಲಿ ಸುತ್ತಿ, ಎದೆಗವಚಿ, ಬಾವಿಯ ಮೆಟ್ಟಿಲು ಹತ್ತಿ ತಂದವನು ನಾನೇ.

“ಇಡೀ ಮನ್ಯಾಗ ನೀ ಒಬ್ಬಾಂವ ಬಿ.ಎ. ಆಗೀಯಲ್ಲೋ ಯಪ್ಪಾ, ಏನರ ಮಾಡೋ! ನಿಮ್ಮಜ್ಜನ ಜೀವ ಐತಿ ಅದರಾಗ!” ಎಂದು ಅಜ್ಜಿ ಬಾಯಿ ಬಡಿದುಕೊಂಡಳು.

ನಾನು ಓದಿದ ಯಾವ ಪುಸ್ತಕದಲ್ಲೂ ಮೀನು ಇರಲಿಲ್ಲ. ಹಂಡೆಯ ಮೇಲೆ ಬಗ್ಗಿದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು.

“ಯವ್ವಾ, ಹಂಡೇಕ ಏನ್ ಹಚ್ಚಿ ತಿಕ್ಕಿದಿ ಬೇ?”

“ಹುಣಸಿಹಣ್ಣ. ದೇವರಂಥಾ ಮೀನಿಗೆ ಕಿಲುಬು ಹಿಡದ ಹಂಡೆ ಕೊಡಲೇನು? ಗಡಿಬಿಡ್ಯಾಗ ತೊಳ್ಯೂದು ಉಳೀತು,” ಎಂದಳು ಅವ್ವ.

ತಾಮ್ರದಲ್ಲಿ ಮಜ್ಜಿಗೆ ಇಟ್ಟರೆ ವಿಷವಾಗುತ್ತದೆಂದು ಇದೇ ಅವ್ವ ನನ್ನನ್ನು ಬೈದದ್ದು ನೆನಪಾಯಿತು. ಮೀನನ್ನು ಬಾಚಿಕೊಂಡು ಎಮ್ಮೆಗೆ ನೀರು ಕುಡಿಸುವ ಕಲ್ಲುಬಾನಿಗೆ ಓಡಿದೆ. ಅದರಲ್ಲಿ ಬಾವಿಯ ನೀರೇ ಇತ್ತು. ಎರಡೂ ಕೈಯಲ್ಲಿ ಹಿಡಿದು ನೀರಿನಲ್ಲಿ ಮೆಲ್ಲಗೆ ಆಡಿಸಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕಿವಿರು ಒಮ್ಮೆ ತೆರೆಯಿತು.

ಅಂದು ಸಂಜೆ ಬಾನಿಗೆ ರೊಟ್ಟಿ ಚೂರು ಹಾಕಿ ಅಜ್ಜಿ ಉಂಡಳು. ಪದವಿಯ ಹೆಮ್ಮೆ ನನಗೆ ಇಂದಿಗೂ ಇದೆ. ಆದರೆ ಯಾರ ಮನೆಯಲ್ಲಾದರೂ ತಾಮ್ರ ತಿಕ್ಕಿದ ವಾಸನೆ ಬಂದರೆ, ಅಲುಗದ ಆ ಮೀನಿನ ಭಾರ ಅಂಗೈಗೆ ಮರಳಿ ಬರುತ್ತದೆ.